ಕಾರ್ಥೇಜಿನ ಪತಿತರು: ದಂಡನೆಯೂ ಪುನಃಸ್ಥಾಪನೆಯೂ



ಕ್ರಿ.ಶ. 250ರಲ್ಲಿ, ದೇವತೆಗಳಿಗೆ ಬಲಿಯನ್ನರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳ ರುಜುವುಳ್ಳ ಪತ್ರವನ್ನು ಪಡೆಯತಕ್ಕದ್ದೆಂಬ ಚಕ್ರವರ್ತಿ ಡೇಸಿಯಸನ ಶಾಸನವು ಉತ್ತರ ಆಫ್ರಿಕದ ಕಾರ್ಥೇಜ್ ನಗರವನ್ನು ತಲಪಿದಾಗ, ಅಲ್ಲಿಯ ಕ್ರೈಸ್ತರಲ್ಲಿ ಅನೇಕರು ಯಾರೂ ಹಿಡಿದೆಳೆಯುವ ಮುನ್ನವೇ ನಗರದ ಚೌಕಕ್ಕೆ ಧಾವಿಸಿದರು. ಹೊತ್ತು ಮುಳುಗಿತು, ನಾಳೆ ಬನ್ನಿರೆಂದು ಅಧಿಕಾರಿಗಳು ಹೇಳಿದಾಗ, ಇಂದೇ ಆಗಿಹೋಗಲೆಂದು ಅಂಗಲಾಚಿದವರೂ ಉಂಟೆಂದು ಆ ನಗರದ ಬಿಷಪ್ ಸಿಪ್ರಿಯನನು ಅತೀವ ವ್ಯಥೆಯಿಂದ ಬರೆದಿದ್ದಾನೆ. ಬಲಿಯನ್ನರ್ಪಿಸದೆ, ಹಣ ತೆತ್ತು ಪತ್ರವನ್ನು ಮಾತ್ರ ಕೊಂಡವರೂ ಇದ್ದರು. ಇಂತಹ ಪತ್ರಗಳು 40ಕ್ಕೂ ಹೆಚ್ಚು ಈಜಿಪ್ಟಿನ ಒಣನೆಲದಲ್ಲಿ ಉಳಿದುಬಂದಿವೆ. ತಾನು ಸದಾ ದೇವತೆಗಳಿಗೆ ಬಲಿಯರ್ಪಿಸುತ್ತ ಬಂದವನೆಂಬ ಒಕ್ಕಣೆಯನ್ನು ಅವುಗಳಲ್ಲಿ ಇಂದಿಗೂ ಓದಬಹುದು.

ಹೀಗೆ ಬಿದ್ದವರು ಅಳುತ್ತ ಸಭೆಯ ಬಾಗಿಲಿಗೆ ಮರಳಿದಾಗ ಅವರನ್ನು ಏನು ಮಾಡತಕ್ಕದ್ದು? ವಿಶ್ವಾಸವನ್ನು ಬಿಡದೆ ಸೆರೆಯಲ್ಲಿ ನರಳಿದ ಸಾಕ್ಷಿಗಳು, ಇಂಥವನನ್ನು ಅವನ ಮನೆಯವರೊಡನೆ ಸೇರಿಸಿಕೊಳ್ಳಿರೆಂದು ಶಾಂತಿಪತ್ರಗಳನ್ನು ಧಾರಾಳವಾಗಿ ಬರೆದುಕೊಟ್ಟಿದ್ದರು. ಅತ್ತ ರೋಮಿನಲ್ಲಿ ನೊವೇಷಿಯನನೆಂಬ ಪಾದ್ರಿಯು, ಇವರು ಪಶ್ಚಾತ್ತಾಪಪಡಲಿ, ಕ್ಷಮೆಯನ್ನು ದೇವರಿಗೆ ಬಿಡೋಣ, ಸಭೆಯು ಮಾತ್ರ ಸೇರಿಸಿಕೊಳ್ಳಲಾಗದೆಂದು ಹಟ ಹಿಡಿದನು. ಮೊದಲನೆಯದು ಗಾಯವನ್ನು ತೊಳೆಯದೆ ಬಟ್ಟೆ ಸುತ್ತುವ ಆತುರ; ಎರಡನೆಯದಾದರೋ, ಕಣ್ಣೀರನ್ನು ಕೇಳಿ ಪಡೆದು ಅದರ ಫಲವನ್ನು ತಡೆಹಿಡಿಯುವ ನಿಷ್ಠುರತೆ, ಮತ್ತು ನನ್ನ ದೃಷ್ಟಿಯಲ್ಲಿ ಇವೆರಡರಲ್ಲಿ ಹೆಚ್ಚು ಕ್ರೂರವಾದುದು. 251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪ್ಪರು, ಪತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದೆಂದೂ, ಬಲಿಯರ್ಪಿಸಿದವರು ಪಶ್ಚಾತ್ತಾಪದಲ್ಲಿ ನಿಂತಿದ್ದರೆ ಮರಣಕಾಲದಲ್ಲಿ ಅವರಿಗೆ ಸಭೆಯ ಸಮಾಧಾನವನ್ನು ಕೊಡುವುದೆಂದೂ ನಿರ್ಣಯಿಸಿದರು.

ಆದರೆ ಈ ಚರಿತ್ರೆಯ ಹೃದಯವಿರುವುದು ಮುಂದಿನ ಒಂದೆರಡು ವರ್ಷಗಳಲ್ಲಿ. ಮತ್ತೊಂದು ಹಿಂಸೆ ಸನ್ನಿಹಿತವೆಂದು ತೋರಲು, ಸಿಪ್ರಿಯನನೂ ಅವನ ಸಹಬಿಷಪ್ಪರೂ ತಮ್ಮ ನಿರ್ಣಯವನ್ನು ತಾವೇ ಸಡಿಲಿಸಿ, ಪಶ್ಚಾತ್ತಾಪದಲ್ಲಿ ನಿರತರಾದವರೆಲ್ಲರಿಗೂ ಪ್ರಭುಭೋಜನವನ್ನು ಮರಳಿ ಕೊಟ್ಟರು. ಕ್ರಿಸ್ತನಿಗಾಗಿ ರಕ್ತವನ್ನು ಸುರಿಸೆಂದು ಯಾರನ್ನು ಕರೆಯುವೆವೋ ಅವನಿಗೆ ಕ್ರಿಸ್ತನ ರಕ್ತದ ಪಾತ್ರೆಯನ್ನು ನಿರಾಕರಿಸುವುದೆಂತು ಎಂಬುದು ಅವರ ವಾದವಾಗಿತ್ತು. ಶಿಕ್ಷೆಯನ್ನು ಪೂರೈಸಿದವನಿಗೆ ಸಲ್ಲುವ ಸಂಭಾವನೆಯೆಂದಲ್ಲದೆ, ಬರಲಿರುವ ಶೋಧನೆಯನ್ನು ಎದುರಿಸಲು ದುರ್ಬಲನಿಗೆ ಬೇಕಾದ ಆಹಾರವೆಂದು ಕರುಣೆಯನ್ನು ಇಲ್ಲಿ ಕಂಡರು. ಯೋಹಾನನ ಸುವಾರ್ತೆಯಲ್ಲಿಯೂ ಹೀಗೆಯೇ ಆಗಿದೆ: ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಯ ಬಳಿ ಕರ್ತನನ್ನು ಅರಿಯೆನೆಂದ ಪೇತ್ರನನ್ನು ತಿಬೇರಿಯ ಸಮುದ್ರದ ದಡದಲ್ಲಿ, ಮತ್ತೊಂದು ಇದ್ದಲಿನ ಬೆಂಕಿಯ ಬಳಿ, ಮೊದಲು ಉಣಿಸಿ, ಅನಂತರ ಮೂರು ಸಲ ಪ್ರಶ್ನಿಸಿ, ಕುರಿಗಳನ್ನು ಅವನ ವಶಕ್ಕೆ ಒಪ್ಪಿಸಿದ ಕ್ರಿಸ್ತನು, ಆ ಕೂಡಲೇ ಅವನು ಎಂತಹ ಮರಣವನ್ನು ಹೊಂದಲಿರುವನೆಂಬುದನ್ನೂ ಸೂಚಿಸುತ್ತಾನೆ. 250ರಲ್ಲಿ ತಲೆಮರೆಸಿಕೊಂಡು ಪತ್ರಗಳ ಮೂಲಕವೇ ಸಭೆಯನ್ನು ನಡೆಸಿದನೆಂದು ಆಕ್ಷೇಪಕ್ಕೆ ಗುರಿಯಾಗಿದ್ದ ಸಿಪ್ರಿಯನನೂ 258ರ ಸೆಪ್ಟೆಂಬರ್ 14ರಂದು ಖಡ್ಗಕ್ಕೆ ಕೊರಳೊಡ್ಡಿದನು.

ಮುಂದೆ ಇದೇ ಪ್ರಶ್ನೆಯನ್ನು ಎದುರಿಸಿದ 325ರ ನೈಸೀಯ ಮಹಾಪರಿಷತ್ತು, ಬಲಾತ್ಕಾರವಿಲ್ಲದೆಯೇ ವಿಶ್ವಾಸವನ್ನು ತೊರೆದವರಿಗೆ ವಾಕ್ಯಶ್ರವಣದಲ್ಲಿ ಮೂರು, ಸಾಷ್ಟಾಂಗದಲ್ಲಿ ಏಳು, ಭೋಜನವಿಲ್ಲದ ಪ್ರಾರ್ಥನೆಯಲ್ಲಿ ಎರಡು, ಹೀಗೆ ಒಟ್ಟು 12 ವರ್ಷಗಳ ಪಶ್ಚಾತ್ತಾಪವನ್ನು ವಿಧಿಸಿತು. ಅದೇ ಪರಿಷತ್ತು, ಸಾಯುತ್ತಿರುವವನು ಬೇಡಿದರೆ ಕಡೆಯ ಪ್ರಸಾದವನ್ನು ಅವನಿಗೆ ತಪ್ಪಿಸಕೂಡದೆಂದೂ, ಪ್ರಸಾದವನ್ನುಂಡು ಅವನು ಬದುಕಿಕೊಂಡಲ್ಲಿ ಪ್ರಾರ್ಥನೆಯಲ್ಲಿ ಮಾತ್ರ ಪಾಲುಗೊಳ್ಳುವವರ ಸಾಲಿನಲ್ಲಿ ನಿಲ್ಲತಕ್ಕದ್ದೆಂದೂ ಕಟ್ಟಳೆ ಮಾಡಿತು.