ಕೈಕೆಲಸಕ್ಕೂ ವಿದ್ಯೆ ಬೇಕು



ಬಹುಮಹಡಿ ಕಟ್ಟಡವೊಂದನ್ನು ಕೆಲವೇ ವರ್ಷಗಳಲ್ಲಿ ಕಟ್ಟಬಹುದು. ಆದರೆ ಅದರ ಪಂಪು, ಲಿಫ್ಟು, ವೈರಿಂಗು, ಕೊಳಚೆ ನೀರಿನ ಘಟಕ, ಸ್ವಚ್ಛತೆ ಇವುಗಳನ್ನು ಅದು ನಿಂತಿರುವಷ್ಟು ಕಾಲವೂ ನೋಡಿಕೊಳ್ಳಬೇಕು. ಇದು ಯಾರು ಬೇಕಾದರೂ ಮಾಡುವ ಕೆಲಸವೆಂದು ನಾವು ತಿಳಿದಿದ್ದೇವೆ. ಅದು ಸರಿಯಲ್ಲ.

ಶೌಚಾಲಯ ತೊಳೆಯುವ ಆಸಿಡ್‌ಗೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಇಷ್ಟನ್ನೂ ಕಲಿಸದೆ ಒಬ್ಬ ಹೆಣ್ಣುಮಗಳ ಕೈಗೆ ಬಕೆಟ್ ಕೊಡುವುದು ಅನ್ಯಾಯ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸಬಾರದೆಂದು 2013ರ ಕಾಯ್ದೆ ಹೇಳುತ್ತದೆ. ಆದರೂ ಸಾವುಗಳು ನಿಂತಿಲ್ಲ.

ವಿದ್ಯಾರ್ಥಿಗಳೆ, ಐ.ಟಿ.ಐ.ಯಲ್ಲಿ ಪ್ಲಂಬರ್ ತರಬೇತಿ ಒಂದು ವರ್ಷದ್ದು, ಎಲೆಕ್ಟ್ರಿಷಿಯನ್, ಎ.ಸಿ. ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಕೆಲಸ ಮಾಡುತ್ತಲೇ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಲು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಅವಕಾಶ ಮಾಡಿಕೊಟ್ಟಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳು ಕೊಲ್ಲಿ ದೇಶಗಳ ದುಡಿಮೆಯನ್ನೇ ನಂಬಿವೆ. ಅಲ್ಲಿಯೂ ಸೌದಿ ಅರೇಬಿಯ 2021ರಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್ ಮೊದಲಾದವರ ಕೌಶಲ ಪರಿಶೀಲನೆ ಆರಂಭಿಸಿತು. ಕೆಲಸ ಬಲ್ಲವನಾದರೂ ಪ್ರಮಾಣಪತ್ರವಿಲ್ಲದವನು ಹೆಲ್ಪರ್ ಆಗಿಯೇ ಉಳಿಯುವ ಅಪಾಯವಿದೆ.

ಸದಸ್ಯರಲ್ಲಿ ನನ್ನದೊಂದು ವಿನಂತಿ. ವೈದ್ಯಕೀಯ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಡುವ ನೆರವನ್ನು ಐ.ಟಿ.ಐ. ವಿದ್ಯಾರ್ಥಿಗಳಿಗೂ ಕೊಡೋಣ. ಸನ್ಮಾನದ ವೇದಿಕೆಗೆ ಅವರನ್ನೂ ಕರೆಯೋಣ. ಶಾಲೆ ಬಿಟ್ಟ ಹುಡುಗರನ್ನು ಮೊಹಲ್ಲಾ ಮೊಹಲ್ಲಾಗಳಲ್ಲಿ ಹುಡುಕಿ ಅರ್ಜಿ ತುಂಬಿಸೋಣ. ದುಡಿಯುವ ಕೈಗೆ ವಿದ್ಯೆ ಸೇರಿದರೆ ಕೂಲಿಯೂ ಹೆಚ್ಚುತ್ತದೆ, ಜೀವವೂ ಉಳಿಯುತ್ತದೆ.