ಹಿತೈಷಿಗಳ ಬುದ್ಧಿಮಾತು

ಲೋಕದ ಹಾದಿ ಹಿಡಿಯದೆ ಕ್ರಿಸ್ತನಿಗೆ ನಿಷ್ಠರಾಗಿ ಬಾಳುವುದು ಎಂದರೇನು ಎನ್ನುವುದು ಇವತ್ತಿನ ವಿಷಯ. ಒಬ್ಬ ರೈತನ ಬದುಕನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಆಸ್ಟ್ರಿಯಾದಲ್ಲಿ, ಜರ್ಮನಿಯ ಗಡಿಗೆ ತಾಗಿಕೊಂಡಂತೆ ಸಾಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯಿದೆ. ಆ ಊರಿನ ಫ್ರಾನ್ಸ್ ಯೇಗರ್‌ಷ್ಟೆಟರ್ ಹುಟ್ಟಿದ್ದು 1907ರಲ್ಲಿ.

ಹುಟ್ಟಿನಿಂದಲೇ ಸಂತನೇನಲ್ಲ. ಹರೆಯದಲ್ಲಿ ಮೋಟಾರ್ ಸೈಕಲ್ ಏರಿ ಊರು ಸುತ್ತಿದವನು, ಮದುವೆಗೆ ಮೊದಲೇ ಒಂದು ಮಗುವಿಗೆ ತಂದೆಯಾದವನು. 1936ರಲ್ಲಿ ಫ್ರಾನ್ಸಿಸ್ಕಾಳನ್ನು ಮದುವೆಯಾದ. ಗಂಡ ಹೆಂಡತಿ ಜೊತೆಯಾಗಿ ಪ್ರಾರ್ಥಿಸುತ್ತ, ಬೈಬಲ್ ಓದುತ್ತ ಬಂದರು. ಮೂವರು ಹೆಣ್ಣುಮಕ್ಕಳಾದರು.

1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ಬಂತು. ಈ ವಿಲೀನಕ್ಕೆ ಒಪ್ಪಿಗೆಯೇ ಎಂದು ಏಪ್ರಿಲ್ 10ರಂದು ಜನಮತ ಕೇಳಿದರು. ‘ಹೌದು’ ಎನ್ನಿ ಎಂದು ಬಿಷಪರುಗಳೇ ಹೇಳಿಕೆ ಕೊಟ್ಟಿದ್ದರು. ಆ ಹಳ್ಳಿಯಲ್ಲಿ ‘ಇಲ್ಲ’ ಎಂದು ಮತ ಹಾಕಿದವನು ಫ್ರಾನ್ಸ್ ಒಬ್ಬನೇ. ಆ ಒಂದು ಮತವನ್ನೂ ಮುಚ್ಚಿಟ್ಟು, ಊರಿಗೆ ಊರೇ ಒಪ್ಪಿತೆಂದು ಬರೆದುಕೊಂಡರು.

ಯುದ್ಧಕ್ಕೆ ಹೋಗುವುದಿಲ್ಲವೆಂಬ ಅವನ ಮುಂದಿನ ದೊಡ್ಡ ನಿರಾಕರಣೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಹಿಂದಿನ ಸಣ್ಣದೊಂದರಲ್ಲಿ. ಮಕ್ಕಳಿರುವ ಮನೆಗಳಿಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಫ್ರಾನ್ಸ್ ಅದನ್ನು ತೆಗೆದುಕೊಳ್ಳಲಿಲ್ಲ. ಯೋಚಿಸಿ: ಹೊಲ ಉಳುವ ಸಂಸಾರ, ಎಳೆಯ ಮಕ್ಕಳು, ಊರವರೆಲ್ಲ ಪಡೆಯುತ್ತಿರುವ ಹಣ. ತಗೊಂಡಿದ್ದರೆ ಯಾರು ತಪ್ಪೆನ್ನುತ್ತಿದ್ದರು? ಆದರೆ ಯಾರ ಋಣದಲ್ಲಿ ಬೀಳುತ್ತೇನೋ ಅವರಿಗೆ ನಾಳೆ ‘ಇಲ್ಲ’ ಎನ್ನಲು ನಾಲಿಗೆ ಏಳುವುದಿಲ್ಲ. ಪ್ರಾಣ ಕೊಡುವ ಶಕ್ತಿ ಅವನಿಗೆ ಒಂದೇ ದಿನದಲ್ಲಿ ಬಂದದ್ದಲ್ಲ, ಇಂಥ ಕಡೆಗಳಲ್ಲಿ ಕೂಡುತ್ತಾ ಬಂದದ್ದು ಎಂದೇ ನನ್ನ ನಂಬಿಕೆ.

1940ರಲ್ಲಿ ಸೈನ್ಯಕ್ಕೆ ಕರೆ ಬಂದಾಗ ಹೋಗಿದ್ದ. ತರಬೇತಿ ಮುಗಿಸಿ, ಬೇಸಾಯಕ್ಕೆ ಬೇಕಾದವನೆಂಬ ಕಾರಣಕ್ಕೆ 1941ರಲ್ಲಿ ಊರಿಗೆ ಮರಳಿದ. ಆಳುವವರೇ ಮನೋರೋಗಿಗಳನ್ನು ಕೊಲ್ಲಿಸುತ್ತಿದ್ದಾರೆಂಬುದು ಅಷ್ಟರಲ್ಲಿ ಅವನ ಕಿವಿಗೆ ಬಿದ್ದಿತ್ತು. ಈ ಯುದ್ಧ ಅನ್ಯಾಯದ್ದು, ಇನ್ನೊಮ್ಮೆ ಕರೆದರೆ ಹೋಗುವುದಿಲ್ಲ ಎಂದು ತೀರ್ಮಾನಿಸಿಬಿಟ್ಟ.

ಆಗ ಶುರುವಾಯಿತು ಬುದ್ಧಿಮಾತು. ಹೇಳಿದವರು ಕೆಟ್ಟವರಲ್ಲ. ಹೆತ್ತ ತಾಯಿ, ನೆಂಟರು, ನೆರೆಹೊರೆ, ಪಾದ್ರಿಗಳು. ಲಿನ್ಸ್‌ಗೆ ಹೋಗಿ ಬಿಷಪರನ್ನೇ ಕಂಡ. ಯುದ್ಧದ ಪಾಪಪುಣ್ಯ ಆಳುವವರದು, ನಿನಗೆ ಹೆಂಡತಿ ಮಕ್ಕಳಿದ್ದಾರೆ, ಅವರನ್ನು ನೋಡಿಕೊಳ್ಳುವುದು ನಿನ್ನ ಕರ್ತವ್ಯ ಎಂಬರ್ಥದ ಉತ್ತರ ಸಿಕ್ಕಿತು. ಲೋಕ ಎಂದ ಕೂಡಲೇ ನಮಗೆ ಕುಡಿತ, ಜೂಜು, ದುರಾಸೆ ನೆನಪಾಗುತ್ತವೆ. ಅವನ್ನು ಗುರುತಿಸುವುದು ಸುಲಭ. ಫ್ರಾನ್ಸ್‌ನ ಮುಂದೆ ಲೋಕ ಬಂದು ನಿಂತದ್ದು ಅಕ್ಕರೆಯ ಮುಖ ಹೊತ್ತು, ಅದೂ ಗುಡಿಯ ಒಳಗಿನಿಂದಲೇ. ರೋಮಿನ ವಿಶ್ವಾಸಿಗಳಿಗೆ ಪೌಲನು ಬರೆದ ಪತ್ರದಲ್ಲಿ ಅಧಿಕಾರಿಗಳಿಗೆ ಅಧೀನರಾಗಿರಿ ಎಂಬ ಮಾತಿದೆ. ಅದಕ್ಕೆ ಸ್ವಲ್ಪ ಮುಂಚೆಯೇ, ಈ ಲೋಕದ ಅಚ್ಚಿಗೆ ಒಗ್ಗಬೇಡಿ ಎಂಬ ಮಾತೂ ಇದೆ. ಅಧೀನರಾಗಿರಿ ಎಂಬುದನ್ನು ಅವನಿಗೆ ನೆನಪಿಸಲು ಬೇಕಾದಷ್ಟು ಜನರಿದ್ದರು.

ಫ್ರಾನ್ಸಿಸ್ಕಾ ಕೂಡ ಮೊದಲು ಬೇಡವೆಂದು ಬೇಡಿಕೊಂಡಳು. ಎಲ್ಲರೂ ಅವನ ಮೇಲೆ ಬಿದ್ದದ್ದನ್ನು ಕಂಡ ಮೇಲೆ, ತಾನೂ ಕೈಬಿಟ್ಟರೆ ಇವನಿಗೆ ಯಾರಿದ್ದಾರೆ ಎಂದು ಅವನ ಪಕ್ಕ ನಿಂತಳು. ಮತ್ತೆ ಕರೆ ಬಂದಾಗ, 1943ರ ಮಾರ್ಚ್ ಮೊದಲ ದಿನಗಳಲ್ಲಿ ಅವನು ಎನ್ಸ್ ಊರಿನ ಸೇನಾ ಶಿಬಿರಕ್ಕೆ ಹೋಗಿ, ಆಯುಧ ಹಿಡಿಯುವುದಿಲ್ಲ ಎಂದು ತಾನೇ ತಿಳಿಸಿದ. ಗಾಯಾಳುಗಳ ಶುಶ್ರೂಷೆಗೆ ಸಿದ್ಧ ಎಂದನು, ಅದಕ್ಕೆ ಬೆಲೆ ಸಿಗಲಿಲ್ಲ. ಜುಲೈ 6ರಂದು ಬರ್ಲಿನ್ನಿನ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಕೆಲವೇ ದಿನಗಳಲ್ಲಿ ಊರಿನ ಪಾದ್ರಿಯ ಜೊತೆ ಫ್ರಾನ್ಸಿಸ್ಕಾ ಬರ್ಲಿನ್ನಿಗೆ ಹೋದಳು. ಭೇಟಿಗೆ ಸಿಕ್ಕಿದ್ದು ಸುಮಾರು 20 ನಿಮಿಷ. ಆ ಹೊತ್ತಿನಲ್ಲೂ ಪಾದ್ರಿ ಅವನ ಮನಸ್ಸು ತಿರುಗಿಸಲು ನೋಡಿದರು. ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್‌ನಲ್ಲಿ ಅವನ ತಲೆ ಕಡಿದರು.

ಯುದ್ಧ ಮುಗಿದ ಮೇಲೂ ಮನ್ನಣೆ ಸಿಗಲಿಲ್ಲ. ಮಕ್ಕಳನ್ನು ನಡುನೀರಲ್ಲಿ ಬಿಟ್ಟವನು ಎಂದು ಆಡಿಕೊಂಡರು. ಯುದ್ಧದಲ್ಲಿ ಸತ್ತವರ ಹೆಂಡಂದಿರಿಗೆ ಸಿಗುತ್ತಿದ್ದ ಪಿಂಚಣಿ ಫ್ರಾನ್ಸಿಸ್ಕಾಗೆ 1950ರವರೆಗೆ ಸಿಗಲಿಲ್ಲ. ಹೊಲ, ಮಕ್ಕಳು, ವಯಸ್ಸಾದ ಅತ್ತೆ ಎಲ್ಲವನ್ನೂ ಅವಳೊಬ್ಬಳೇ ನೋಡಿಕೊಂಡಳು. ಹೊರಗಿನ ಜಗತ್ತಿಗೆ ಅವನನ್ನು ಚೆನ್ನಾಗಿ ಪರಿಚಯಿಸಿದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ಗಾರ್ಡನ್ ಜಾನ್ 1964ರಲ್ಲಿ ಬರೆದ ಪುಸ್ತಕ. ಬರ್ಲಿನ್ನಿನ ನ್ಯಾಯಾಲಯ 1997ರಲ್ಲಿ ಆ ಶಿಕ್ಷೆಯನ್ನು ರದ್ದುಮಾಡಿತು. 2007ರ ಅಕ್ಟೋಬರ್ 26ರಂದು ಅದೇ ಲಿನ್ಸ್‌ನ ಮಹಾದೇವಾಲಯದಲ್ಲಿ ಧರ್ಮಸಭೆ ಅವನಿಗೆ ಧನ್ಯ ಪದವಿ ಕೊಟ್ಟಾಗ, 94ರ ಫ್ರಾನ್ಸಿಸ್ಕಾ ಅಲ್ಲಿದ್ದಳು.

ನಮಗೆ ಅಂಥ ಯುದ್ಧದ ಕರೆ ಬಂದಿಲ್ಲ. ಆದರೆ ಮಗನ ಮದುವೆ ಮಾತುಕತೆಯಲ್ಲಿ ವರದಕ್ಷಿಣೆಗೆ ಬೇರೆ ಹೆಸರಿಟ್ಟು ಕೇಳುವಾಗ, ಹೆಣ್ಣು ನೋಡುವಾಗ ಜ್ಞಾನಸ್ನಾನಕ್ಕೂ ಹಿಂದಿನ ಜಾತಿಯನ್ನು ಮೆಲ್ಲಗೆ ವಿಚಾರಿಸುವಾಗ, ‘ನಾಲ್ಕು ಜನರ ಹಾಗೆ ಇರಬೇಕಲ್ಲ’ ಎಂದು ನಮ್ಮ ಮನೆಯ ಹಿರಿಯರೇ ಹೇಳುತ್ತಾರೆ. ಭಾನುವಾರ ಬಲಿಪೂಜೆ ತಪ್ಪಿಸದವರೇ ಹೇಳುತ್ತಾರೆ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆ ಕ್ಷಣದಲ್ಲಿ ನಾವು ಏನು ಉತ್ತರ ಕೊಡುತ್ತೇವೆ ಎಂಬುದರ ಬಗ್ಗೆ ತಮ್ಮ ಜೊತೆ ಚರ್ಚೆ ಮಾಡಲು ಬಯಸುತ್ತೇನೆ.