ಮೀನಿನ ಹೊಟ್ಟೆಯ ಹುಳುವೂ ಮೆಟ್ಟಿಲುಬಾವಿಯ ನೀರೂ

(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶತಮಾನೋತ್ಸವದ ವೇದಿಕೆಯ ಮೇಲೆ ಜಂತುಹುಳುಗಳ ವಿಚಾರ ಮಾತನಾಡುವುದು ಉಚಿತವೇ ಎಂದು ಸಮಿತಿಯ ಹಿರಿಯರೊಬ್ಬರು ಬಹಳ ಸೌಜನ್ಯದಿಂದ ನನ್ನನ್ನು ಕೇಳಿದರು. ಊಟಕ್ಕೆ ಮುಂಚಿನ ಗೋಷ್ಠಿಯಾದ್ದರಿಂದ ಅವರ ಆತಂಕ ಸಹಜವಾದುದೇ. ಆದರೂ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಾರುಹುಣ್ಣು ಎಂಬ ಮಾತನ್ನು ಈ ಸಭೆಯಲ್ಲಿ ಅರುವತ್ತು ದಾಟಿದವರು ಬಲ್ಲರು. ನಮ್ಮ ತೆಲುಗು ನೆರೆಯವರು ಅದನ್ನೇ ನಾರಿಕುರುಪು ಎನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳಿಗೆ ಆ ಪದ ಕೇಳಿಯೂ ಗೊತ್ತಿರಲಾರದು. ಒಂದು ರೋಗದ ಹೆಸರು ಮಕ್ಕಳ ನಾಲಗೆಯಿಂದ ಮರೆಯಾಗುವುದು ಭಾಗ್ಯವೇ ಸರಿ. ಅದು ಮರೆಯಾದ ಬಗೆಯೂ ಜೊತೆಗೇ ಮರೆತುಹೋಗುತ್ತಿದೆಯಲ್ಲ, ಅದು ಮಾತ್ರ ನನಗೆ ಸಮ್ಮತವಲ್ಲ.

ನಾರುಹುಣ್ಣಿನ ಹುಳು ಹೆಸರಿಗೆ ತಕ್ಕಂತೆ ನಾರಿನಂಥದು. ಹೆಣ್ಣುಹುಳು ಮೂರಡಿಯವರೆಗೂ ಬೆಳೆಯುತ್ತದೆ; ದಪ್ಪ ಎರಡು ಮಿಲಿಮೀಟರ್ ಮಾತ್ರ. ಕುಡಿಯುವ ನೀರಿನೊಡನೆ ದೇಹವನ್ನು ಹೊಕ್ಕು, ಸುಮಾರು ಒಂದು ವರ್ಷ ಯಾವ ಸುಳಿವನ್ನೂ ಕೊಡದೆ ಬೆಳೆದು, ಕೊನೆಗೆ ಹೆಚ್ಚಾಗಿ ಕಾಲಿನ ಚರ್ಮದಡಿಗೆ ಇಳಿದುಬಂದು ಬೊಬ್ಬೆ ಎಬ್ಬಿಸುತ್ತದೆ. ಉರಿ ತಾಳಲಾರದೆ ರೋಗಿಯು ಕಾಲನ್ನು ನೀರಿಗಿಳಿಸಿದನೋ, ಬೊಬ್ಬೆ ಒಡೆದು ಹುಳುವು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಚೆಲ್ಲುತ್ತದೆ. ಇದಕ್ಕೆ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ, ಲಸಿಕೆಯೂ ಇಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೊಂದು ಅಂಗುಲದಂತೆ ವಾರಗಟ್ಟಲೆ ಎಳೆಯಬೇಕು. ನಡುವೆ ತುಂಡಾದರೆ ಕಾಲು ಊದಿ ಕೀವಾಗುತ್ತದೆ. ಬಿತ್ತನೆಯ ಹೊತ್ತಿಗೆ ಮನೆಯ ಯಜಮಾನನೇ ಮಂಚ ಹಿಡಿದರೆ ಆ ವರ್ಷದ ಬಾಳುವೆ ಏನಾದೀತೆಂಬುದನ್ನು ಒಕ್ಕಲು ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ನೀರಿಗೂ ಈ ರೋಗಕ್ಕೂ ನಂಟಿದೆಯೆಂಬ ಗುಮಾನಿ ಬಹು ಹಿಂದಿನದು. ಆದರೆ ನೀರಿಗೆ ಬಿದ್ದ ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಹಾಗಿದ್ದ ಮೇಲೆ ಬಾವಿಯ ನೀರಿನಿಂದ ಮತ್ತೊಬ್ಬನ ದೇಹಕ್ಕೆ ದಾಟುವುದು ಹೇಗೆ? ಈ ಒಗಟಿನ ಕೀಲಿಕೈ ಸಿಕ್ಕಿದ್ದು ಮನುಷ್ಯನ ದೇಹದಲ್ಲಲ್ಲ, ಮೀನಿನ ಕರುಳಿನಲ್ಲಿ.

ಕಮಲ್ಲಾನಸ್ ಎಂಬ ದುಂಡುಹುಳುವೊಂದಿದೆ. (ಹೆಸರಿನಲ್ಲಿ ನಮ್ಮ ಕಮಲ ಕಂಡರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಸಿಹಿನೀರಿನ ಮೀನುಗಳ ಕರುಳು ಇದರ ಮನೆ. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಬಾಯಿಯಲ್ಲಿ ಎರಡು ಚಿಪ್ಪುಗಳನ್ನು ಎದುರುಬದುರಾಗಿ ಜೋಡಿಸಿದಂಥ ಗಡಸು ದವಡೆ. ಅದರಿಂದ ಕರುಳಿನ ಗೋಡೆಯನ್ನು ಕಚ್ಚಿಹಿಡಿದು ರಕ್ತ ಹೀರುತ್ತದೆ, ಹಾಗಾಗಿ ಮೈಬಣ್ಣ ಕೆಂಪು. ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದವರು, ಮೀನಿನ ಗುದದ್ವಾರದಿಂದ ಕೆಂಪು ಎಳೆಗಳು ಇಣುಕುವುದನ್ನು ಕಂಡಿರಬಹುದು. ಅದು ಇದೇ ಬಳಗದ ಹುಳು. ಇದು ಮೊಟ್ಟೆಯಿಡದೆ ಜೀವಂತ ಮರಿಗಳನ್ನೇ ಹಾಕುತ್ತದೆ. ಮೀನಿನ ಮಲದೊಡನೆ ನೀರಿಗಿಳಿದ ಮರಿ ತಳದಲ್ಲಿ ಎಡೆಬಿಡದೆ ಹೊರಳಾಡುತ್ತದೆ. ಆ ಹೊರಳಾಟವೇ ಆಮಂತ್ರಣ. ಅದನ್ನು ಆಹಾರವೆಂದು ಬಗೆದು ನುಂಗುವುದು ಸೈಕ್ಲಾಪ್ಸ್, ಅಂದರೆ ಸೀಗಡಿಯ ದೂರದ ನೆಂಟನಾದ, ಸಾಸಿವೆಕಾಳಿಗಿಂತ ಚಿಕ್ಕದಾದ, ಬೆನ್ನೆಲುಬಿಲ್ಲದ ಜಲಜೀವಿ. ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರು ಇದಕ್ಕೆ. ದೈತ್ಯತನವೇನೂ ಇಲ್ಲ, ನೆತ್ತಿಯ ಮೇಲೊಂದೇ ಕಣ್ಣಿರುವುದು ಮಾತ್ರ ನಿಜ. ನುಂಗಿದ ಮರಿ ಜೀರ್ಣವಾಗದೆ, ಸೈಕ್ಲಾಪ್ಸಿನ ಕರುಳನ್ನು ತೂರಿ ದೇಹಕುಹರಕ್ಕಿಳಿದು, ಅಲ್ಲಿ ಪೊರೆ ಕಳಚಿ ಬೆಳೆಯುತ್ತದೆ. ಆ ಸೈಕ್ಲಾಪ್ಸನ್ನು ಮೀನು ತಿಂದಾಗ ಹುಳು ಮರಳಿ ತನ್ನ ಮನೆ ಸೇರಿತು. ಸಣ್ಣ ಮೀನನ್ನು ದೊಡ್ಡ ಮೀನು ನುಂಗಿದರೆ ಹುಳುವಿಗೆ ಮನೆಬದಲಾವಣೆ, ಅಷ್ಟೇ.

ಮೀನಿನ ಪರೋಪಜೀವಿಗಳೆಲ್ಲ ಇದೇ ದಾರಿಯವಲ್ಲ. ಕೆಲವು ಚಪ್ಪಟೆಹುಳುಗಳಿಗೆ ಬಸವನಹುಳುವೇ ಮೊದಲ ಆಶ್ರಯ. ಕೆರೆಮೀನಿನ ಮೈಮೇಲೆ ಕಾಣುವ ಕಪ್ಪು ಚುಕ್ಕೆಗಳು ಎಷ್ಟೋ ಸಲ ಅಲ್ಲಿಂದ ಹೊರಟುಬಂದ ಮರಿಗಳು. ಅದು ಬೇರೆಯೇ ಕಥೆ.

ಮೀನಿನ ಹುಳುವಿನ ಮರಿ ಸೈಕ್ಲಾಪ್ಸಿನೊಳಗೆ ಬೆಳೆಯುವುದನ್ನು 1860ರ ದಶಕದಲ್ಲಿ ಜರ್ಮನಿಯ ರೂಡಾಲ್ಫ್ ಲಾಯ್ಕಾರ್ಟ್ ಕಂಡುಕೊಂಡನು. ಆ ಕಾಲಕ್ಕೆ ಅದರಿಂದ ಯಾರಿಗೂ ಕಾಸಿನ ಪ್ರಯೋಜನ ಕಾಣಿಸಿರಲಿಕ್ಕಿಲ್ಲ. ಆದರೆ ಮೀನಿನ ಹುಳುವಿನ ಮರಿಗೂ ನಾರುಹುಣ್ಣಿನ ಮರಿಗೂ ಇರುವ ಹೋಲಿಕೆ ಅವನ ಕಣ್ಣಿಗೆ ಬಿತ್ತು. ತುರ್ಕಿಸ್ತಾನಕ್ಕೆ ಹೊರಟಿದ್ದ ರಷ್ಯದ ತರುಣ ಅಲೆಕ್ಸೀ ಫೆದ್ಚೆಂಕೊಗೆ, ಅಲ್ಲಿ ಸೈಕ್ಲಾಪ್ಸುಗಳನ್ನು ಪರೀಕ್ಷಿಸಿ ನೋಡುವಂತೆ ಸೂಚಿಸಿದನು. ಸಮರ್ಕಂದದ ಸೀಮೆಯಲ್ಲಿ ಫೆದ್ಚೆಂಕೊ ನೋಡಿದನು. ನಾರುಹುಣ್ಣಿನ ಮರಿಗಳು ಸೈಕ್ಲಾಪ್ಸಿನ ದೇಹದೊಳಗೆ ಇದ್ದವು. 1870ರಲ್ಲಿ ಅದನ್ನು ಪ್ರಕಟಿಸಿದನು. ಮೂರು ವರ್ಷಗಳ ತರುವಾಯ, ಮೂವತ್ತು ತುಂಬುವ ಮೊದಲೇ, ಆಲ್ಪ್ಸ್ ಪರ್ವತದ ಹಿಮದಲ್ಲಿ ಮಡಿದನು. ಸೋಂಕು ತಗಲಿದ ಸೈಕ್ಲಾಪ್ಸುಗಳನ್ನು ಕೋತಿಗೆ ತಿನ್ನಿಸಿ, ಆರು ತಿಂಗಳ ಮೇಲೆ ಅದರ ದೇಹದಲ್ಲಿ ಹುಳುಗಳನ್ನು ತೋರಿಸಿಕೊಟ್ಟವನು ಲೀಪರ್ ಎಂಬ ಬ್ರಿಟಿಷ್ ವಿಜ್ಞಾನಿ. ಅದು ಇಪ್ಪತ್ತನೆಯ ಶತಮಾನದ ಆರಂಭದ ಮಾತು.

ಇನ್ನು ನಮ್ಮ ನೆರೆಗೆ ಬರೋಣ. ರಾಯದುರ್ಗದ ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಯ ಭಾಗ. ಮೊಳಕಾಲ್ಮೂರು, ಚಿತ್ರದುರ್ಗದ ನೆಲ ನಮಗೆ ಅಂದಿಗೂ ಇಂದಿಗೂ ಪಕ್ಕದ ಹೊಲ. ಆ ಚಿತ್ರದುರ್ಗದ ಹಳ್ಳಿಗಳ ಮೆಟ್ಟಿಲುಬಾವಿಗಳಲ್ಲಿ 1930ರ ದಶಕದಲ್ಲಿ ವಿ. ಎನ್. ಮೂರ್ತಿಯವರು ನಾರುಹುಣ್ಣನ್ನು ಕುರಿತು ವರ್ಷಗಟ್ಟಲೆ ಸಂಶೋಧನೆ ನಡೆಸಿದರು. ಮೆಟ್ಟಿಲುಬಾವಿಯ ಸ್ವರೂಪವೇ ರೋಗಕ್ಕೆ ಅನುಕೂಲ. ಸೇದುವವನು ಮೊಣಕಾಲು ಮಟ್ಟ ನೀರಿಗಿಳಿಯುತ್ತಾನೆ, ಹುಣ್ಣು ನೀರಿಗೆ ತಾಗುತ್ತದೆ, ಅದೇ ಗಳಿಗೆಯಲ್ಲಿ ಅದೇ ನೀರು ಕೊಡಕ್ಕೂ ತುಂಬುತ್ತದೆ. ಸೋಂಕು ತಗಲಿದ ಸೈಕ್ಲಾಪ್ಸ್ ಜಡವಾಗಿ ತಳ ಸೇರುವುದರಿಂದ, ಬೇಸಗೆಯಲ್ಲಿ ತಳದ ನೀರನ್ನು ಮೊಗೆದವರಿಗೆ ಅಪಾಯ ಹೆಚ್ಚು.

ಮೂರ್ತಿಯವರ ಕೆಲಸದಲ್ಲಿ ನನ್ನನ್ನು ಬೆರಗುಗೊಳಿಸುವ ಸಂಗತಿ ಇದು: ಅವರು ನಾರುಹುಣ್ಣಿನೊಡನೆ ಮೀನಿನ ಹುಳುವನ್ನೂ ಕೈಬಿಡಲಿಲ್ಲ. ಹಾವುತಲೆಯ ಕೊರವದ ಬಳಗದ ಸಣ್ಣ ಮೀನೊಂದರಲ್ಲಿ ಹೊಸ ಕಮಲ್ಲಾನಸ್ ಪ್ರಭೇದವನ್ನು ಕಂಡು 1937ರಲ್ಲಿ ವರ್ಣಿಸಿದರು; ಸಹೋದ್ಯೋಗಿ ಸ್ವೀಟ್ ಅವರ ಹೆಸರನ್ನು ಅದಕ್ಕೆ ಇಟ್ಟರು; ಮರುವರ್ಷ ಅದರ ಜೀವನಚಕ್ರವನ್ನು ಪ್ರಕಟಿಸಿದರು. ಇದು ಬರಿಯ ಪಾಂಡಿತ್ಯದ ಹವ್ಯಾಸವಲ್ಲ. ಬಾವಿಯ ಸೈಕ್ಲಾಪ್ಸಿನೊಳಗೆ ಮರಿಯೊಂದು ಕಂಡಾಗ, ಅದು ಮನುಷ್ಯನ ವೈರಿಯೋ ಮೀನಿನ ಹುಳುವೋ ಎಂದು ಬೇರ್ಪಡಿಸಲಾಗದಿದ್ದರೆ, ಯಾವ ಬಾವಿ ಅಪಾಯದ್ದು ಎಂದು ಹೇಳುವುದಾದರೂ ಹೇಗೆ?

ಮೂರ್ತಿ ಮತ್ತು ಸ್ವೀಟ್ 1936ರಲ್ಲಿ ಮತ್ತೊಂದು ಉಪಾಯವನ್ನು ಪ್ರಕಟಿಸಿದರು. ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಡುವುದು. ವಿಷವಿಲ್ಲ, ವೆಚ್ಚವಿಲ್ಲ. ಅದೇ ಕಾಲದಲ್ಲಿ ನಾಯಿಗಳಿಗೆ ಸೋಂಕು ತಗಲಿಸಿ, ಈ ಹುಳು ನಾಯಿಯ ದೇಹದಲ್ಲಿಯೂ ಬೆಳೆಯಬಲ್ಲದೆಂದು ತೋರಿಸಿದರು. ಈ ಎರಡನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾದುದು 1983–84ರಲ್ಲಿ. ಆಗ ಆಂಧ್ರಪ್ರದೇಶ, ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಸೇರಿದಂತೆ 7 ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾರ್ಪಡಿಸಿದರು, ಕೈಪಂಪುಗಳನ್ನು ಹಾಕಿದರು, ಸೈಕ್ಲಾಪ್ಸ್ ಸಾಯುವಂತೆ ನೀರಿಗೆ ಟೆಮಿಫಾಸ್ ಬೆರೆಸಿದರು, ಮನೆಮನೆಗೆ ಹೋಗಿ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಲು ಕಲಿಸಿದರು. ನಮ್ಮ ಜೈನರು ಜೀವಹಿಂಸೆಗೆ ಅಂಜಿ ಶತಮಾನಗಳಿಂದ ನೀರು ಸೋಸಿ ಕುಡಿದವರು. ಸೈಕ್ಲಾಪ್ಸನ್ನು ಉಳಿಸಲು ಹೋಗಿ ತಮ್ಮ ಕಾಲುಗಳನ್ನೂ ಉಳಿಸಿಕೊಂಡಿರಬೇಕು. ದೇಶದ ಕೊನೆಯ ರೋಗಿ ಕಂಡುಬಂದುದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ಪ್ರಮಾಣೀಕರಿಸಿತು. ಒಂದು ಗುಳಿಗೆಯ ನೆರವೂ ಇಲ್ಲದೆ!

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆಫ್ರಿಕದ ಚಾಡ್ ದೇಶದಲ್ಲಿ ಹತ್ತು ವರ್ಷ ಒಬ್ಬ ರೋಗಿಯೂ ಕಾಣದೆ, 2010ರಲ್ಲಿ ರೋಗ ಮತ್ತೆ ತಲೆದೋರಿತು. 2012ರಿಂದ ಅಲ್ಲಿನ ನಾಯಿಗಳಲ್ಲಿ, ಮನುಷ್ಯರಿಗಿಂತ ಎಷ್ಟೋ ಪಾಲು ಹೆಚ್ಚಾಗಿ, ಹುಳು ಕಾಣತೊಡಗಿತು. ಚಿತ್ರದುರ್ಗದ ನಾಯಿಗಳು ಮುಕ್ಕಾಲು ಶತಮಾನದ ಹಿಂದೆಯೇ ಕೊಟ್ಟಿದ್ದ ಸೂಚನೆ! ಶಾರಿ ನದಿಯ ದಂಡೆಯ ಆ ಹಳ್ಳಿಗಳಲ್ಲಿ ಜನ ಮೀನು ಹಿಡಿದು ಹಸನು ಮಾಡಿ ಕರುಳನ್ನು ಎಸೆಯುತ್ತಾರೆ, ನಾಯಿಗಳು ತಿನ್ನುತ್ತವೆ. ಸೋಂಕಿತ ಸೈಕ್ಲಾಪ್ಸನ್ನು ತಿಂದ ಮೀನಿನ ಅಥವಾ ಕಪ್ಪೆಯ ದೇಹದಲ್ಲಿ ಮರಿ ಜೀವಂತವಾಗಿ ಸವಾರಿ ಮಾಡಬಲ್ಲದೆಂಬ ಶಂಕೆ ಹುಟ್ಟಿತು. ಪ್ರಯೋಗಗಳು ಅದು ಸಾಧ್ಯವೆಂದು ತೋರಿಸಿವೆ. ನಮ್ಮ ಬಾವಿಗಳಲ್ಲಿ ಕಾವಲುಗಾರನೆಂದು ನೇಮಿಸಿದ ಮೀನೇ ಅಲ್ಲಿ ವಾಹಕನಾಗಿರಬಹುದು. ಮೀನು ಮಾಡಿದ್ದು ಎರಡು ಕಡೆಯೂ ಒಂದೇ ಕೆಲಸ, ಸೈಕ್ಲಾಪ್ಸನ್ನು ತಿಂದದ್ದು. ಬಾವಿಯ ಮೀನನ್ನು ಹಸಿಯಾಗಿ ಯಾರೂ ತಿನ್ನಲಿಲ್ಲ. ನದಿಯ ಮೀನಿನ ಕರುಳನ್ನು ನಾಯಿಗಳು ತಿಂದವು. ಆದ್ದರಿಂದ ಚಾಡ್‌ನಲ್ಲಿ ಇಂದು ಮೀನಿನ ಕರುಳನ್ನು ಹೂಳಿರಿ, ಮೀನನ್ನು ಚೆನ್ನಾಗಿ ಬೇಯಿಸಿರಿ, ನಾಯಿಗಳನ್ನು ಕಟ್ಟಿರಿ ಎಂದು ಊರೂರಿಗೆ ಸಾರುತ್ತಿದ್ದಾರೆ. 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷ ರೋಗಿಗಳಿದ್ದರು. 2021ರಿಂದ 2024ರವರೆಗೆ ಯಾವ ವರ್ಷವೂ ಆ ಸಂಖ್ಯೆ 15ನ್ನು ಮೀರಿಲ್ಲ. ಆ ಕೊನೆಯ ಬೆರಳೆಣಿಕೆಯೇ ಅತ್ಯಂತ ಕಠಿಣವಾಗಿದೆ.

ಪೋಷಕರಲ್ಲಿ ಒಂದೇ ಮಾತು. ಕೆರೆ ತುಂಬಿದಾಗ ಮೀನು ತರುವಿರಿ. ಮೀನಿನ ಹುಳುಗಳಿಗೆ ಹೆದರಿ ಮೀನು ಬಿಡಬೇಕಿಲ್ಲ. ಕಮಲ್ಲಾನಸ್ ಮನುಷ್ಯನ ಹುಳುವಲ್ಲ, ಮೇಲಾಗಿ ನಮ್ಮ ಸಾರಿನ ಕುದಿಯಲ್ಲಿ ಯಾವ ಹುಳುವೂ ಬದುಕುವುದಿಲ್ಲ. ಮಕ್ಕಳು ಮೀನಿನ ಹೊಟ್ಟೆ ಸೀಳುವಾಗ ಪಕ್ಕದಲ್ಲಿ ಕುಳಿತು "ಇದೇನು, ಕೆಂಪಗಿದೆ?" ಎಂದು ಕೇಳಿದರೆ ಗದರಿಸಿ ಎಬ್ಬಿಸಬೇಡಿ.

ಇಂದು ಬೆಳಿಗ್ಗೆ ಊರಕೆರೆಯ ಅಂಚಿನಿಂದ ತಂದ ಒಂದು ಸೀಸೆ ನೀರನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ಇಟ್ಟಿದೆ, ಸೂಕ್ಷ್ಮದರ್ಶಕವೂ ಸಿದ್ಧವಾಗಿದೆ. ಸೀಸೆಯನ್ನು ಬೆಳಕಿಗೆ ಹಿಡಿದರೆ ಬಿಳಿಯ ಚುಕ್ಕೆಗಳು ಜಿಗಿಜಿಗಿದು ಈಜುವುದು ಬರಿಗಣ್ಣಿಗೇ ಕಾಣುತ್ತದೆ. ಬಾಲದ ಇಕ್ಕೆಲದಲ್ಲಿ ಎರಡು ಮೊಟ್ಟೆಚೀಲಗಳಿದ್ದರೆ ಅದು ಹೆಣ್ಣು. ಊಟದ ಗಂಟೆಗೆ ಇನ್ನೂ ಇಪ್ಪತ್ತು ನಿಮಿಷಗಳಿವೆ. ಏಳನೆಯ ತರಗತಿಯವರು ಮೊದಲು ಬರಲಿ.